ಪದವಿಯ ಮೇಲೊಂದು ಪದವಿ

ವಿದ್ಯೆಗೆ ಕೊನೆಯಿಲ್ಲವೆಂಬ ಮಾತನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ವಿದ್ಯಾಭ್ಯಾಸಕ್ಕೆ ಕೊನೆಯೆಲ್ಲಿ ಎಂಬ ಪ್ರಶ್ನೆ ಬಂದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಹುಡುಗನೋ ಹುಡುಗಿಯೋ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಪ್ರಥಮ ವರ್ಗವೂ ದೊರೆತು, ಬಂಧುಗಳ ಅಭಿನಂದನೆಯ ಸಂಭ್ರಮವೆಲ್ಲ ಅಡಗಿದ ಒಂದು ತಿಂಗಳಿಗೆ ಸರಿಯಾಗಿ ಆ ಪ್ರಶ್ನೆ ಹಜಾರದೊಳಕ್ಕೆ ಕಾಲಿಡುತ್ತದೆ: ಮುಂದೇನು? ಉದ್ಯೋಗ ದೊರೆತು ಅದರಲ್ಲಿ ತೃಪ್ತರಾದವರ ಮಾತು ಬೇರೆ. ದೊರೆಯದವರಿಗೂ, ದೊರೆತರೂ ಓದಿನ ರುಚಿ ಬಿಡದವರಿಗೂ ಎರಡು ದಾರಿಗಳು ತೋರುತ್ತವೆ. ಒಂದು, ಓದಿದ ವಿಷಯದಲ್ಲಿಯೆ ಸಂಶೋಧನೆ ನಡೆಸಿ, ಮಹಾಪ್ರಬಂಧವನ್ನು ಬರೆದೊಪ್ಪಿಸಿ, ಡಾಕ್ಟರ್ ಎನ್ನಿಸಿಕೊಳ್ಳುವುದು. ಇನ್ನೊಂದು, ಬೇರೊಂದು ವಿಷಯವನ್ನು ಹಿಡಿದು, ಮತ್ತೆ ಎರಡು ವರ್ಷ ಬೆಂಚಿನ ಮೇಲೆ ಕುಳಿತು, ಎರಡನೆಯ ಎಂ.ಎ. ಪಡೆಯುವುದು.

ಈ ಆಯ್ಕೆಯನ್ನು ಲಾಭನಷ್ಟಗಳ ತಕ್ಕಡಿಯಲ್ಲಿ ತೂಗುವವರೆ ಹೆಚ್ಚು. ಯಾವುದರಿಂದ ಬೇಗ ಕೆಲಸ ದೊರೆತೀತು, ಯಾವುದಕ್ಕೆ ಎಷ್ಟು ವರ್ಷ ಹಿಡಿದೀತು, ಮದುವೆಯ ಮಾತುಕತೆಯಲ್ಲಿ ಯಾವುದು ಹೆಚ್ಚು ಬೆಲೆಬಾಳೀತು ಎಂದು ಎಣಿಸುವುದು ಗೃಹಸ್ಥರಿಗೆ ಸಹಜ. ಅದನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ಲೆಕ್ಕವೆಲ್ಲ ಮುಗಿದ ಮೇಲೂ ಉಳಿಯುವ ಒಂದು ಪ್ರಶ್ನೆಯುಂಟು. ಅದು ಧರ್ಮಕ್ಕೆ ಸೇರಿದ್ದು. ಈ ಎರಡು ಪದವಿಗಳಿಗೆ ಹೆಸರು ಬರೆಯಿಸುವಾಗ ವಿದ್ಯಾರ್ಥಿಯು ಎರಡು ಬೇರೆ ಬೇರೆ ಬಗೆಯ ಮಾತು ಕೊಡುತ್ತಾನೆ. ಬೇರೆ ಬೇರೆ ಜನಕ್ಕೆ ಕೊಡುತ್ತಾನೆ. ಯಾವ ಮಾತನ್ನು ಕೊಟ್ಟೆನೆಂಬುದೆ ತಿಳಿಯದೆ ಕೊಟ್ಟವನು ಅದನ್ನು ಉಳಿಸಿಕೊಳ್ಳುವುದು ಹೇಗೆ?

ಸಾಮಾನ್ಯವಾಗಿ ಜನರು ಪದವಿಗಳನ್ನು ಒಂದೇ ಏಣಿಯ ಮೆಟ್ಟಿಲುಗಳೆಂದು ಭಾವಿಸುತ್ತಾರೆ. ಬಿ.ಎ. ಕೆಳಗಿನದು, ಎಂ.ಎ. ಅದರ ಮೇಲಿನದು, ಪಿಎಚ್.ಡಿ. ಎಲ್ಲಕ್ಕೂ ಮೇಲಿನದು. ಈ ದೃಷ್ಟಿಗೆ ಎರಡನೆಯ ಎಂ.ಎ. ಎಂದರೆ ಹತ್ತಿದ ಮೆಟ್ಟಿಲಿನ ಮೇಲೆಯೆ ನಿಂತು ಕಾಲು ಬದಲಿಸಿದಂತೆ; ಶ್ರಮವುಂಟು, ಏರಿಕೆಯಿಲ್ಲ. "ಒಂದಾಯಿತಲ್ಲ, ಇನ್ನೊಂದು ಯಾತಕ್ಕೆ?" ಎಂದು ಹಿರಿಯರು ಕೇಳುವುದು ಈ ಭಾವನೆಯಿಂದಲೆ. ಮನೆಯಲ್ಲಿ ಒಂದು ಹಸುವಿರುವಾಗ ಇನ್ನೊಂದನ್ನು ತಂದರೆ ಯಾರೂ ಹೀಗೆ ಕೇಳುವುದಿಲ್ಲವೆಂಬುದು ಬೇರೆ ಮಾತು.

ಏಣಿಯ ಈ ಕಲ್ಪನೆ ಹಳೆಯದಲ್ಲ. ಡಾಕ್ಟರ್ ಎಂಬುದು 'ಕಲಿಸು' ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಮಾತು. ಮಾಸ್ಟರ್ ಎಂಬುದಕ್ಕೆ ಮೂಲವಾದ ಲ್ಯಾಟಿನ್ ಶಬ್ದಕ್ಕೂ ಗುರು, ಒಡೆಯ ಎಂದೇ ಅರ್ಥ. ಯೂರೋಪಿನ ಮಧ್ಯಯುಗದ ವಿದ್ಯಾಪೀಠಗಳಲ್ಲಿ ಇವೆರಡೂ ಹೆಚ್ಚುಕಡಮೆ ಸಮಾನವಾದ ಬಿರುದುಗಳಾಗಿದ್ದುವು. ಪಾಠ ಹೇಳುವ ಅಧಿಕಾರವುಳ್ಳವನೆಂದು ಇವುಗಳ ತಾತ್ಪರ್ಯ. ಹೊಸತೊಂದನ್ನು ಕಂಡುಹಿಡಿದವನಿಗೆ ಡಾಕ್ಟರ್ ಎಂಬ ಪದವಿಯೆಂದು ನಿಯಮವಾದುದು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ. ಅಲ್ಲಿಂದ ಅದು ಅಮೆರಿಕಕ್ಕೆ ಹೋಯಿತು. ಯೇಲ್ ವಿಶ್ವವಿದ್ಯಾನಿಲಯ 1861ರಲ್ಲಿ ಆ ದೇಶದ ಮೊದಲ ಪಿಎಚ್.ಡಿ.ಗಳನ್ನು ಕೊಟ್ಟಿತು. ನಮಗೆ ವಿದ್ಯಾಪದ್ಧತಿಯನ್ನು ಕಲಿಸಿದ ಇಂಗ್ಲೆಂಡಾದರೋ ಬಹುಕಾಲ ಹಿಂಜರಿಯಿತು. ಆಕ್ಸ್‌ಫರ್ಡು ಈ ಪದವಿಯನ್ನು ಒಪ್ಪಿಕೊಂಡದ್ದು 1917ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದುದು 1916ರಲ್ಲಿ. ಎಂದರೆ, ನಮ್ಮಜ್ಜಂದಿರು ಕಾಲೇಜು ಸೇರಿದ ಕಾಲಕ್ಕೆ ಆಕ್ಸ್‌ಫರ್ಡಿನ ವಿದ್ವಾಂಸರಿಗೇ ಇದು ಹೊಸ ಸಂಗತಿಯಾಗಿತ್ತು.

ಹೀಗೆ ಹೆಸರು ಹಳೆಯದಾದರೂ ಅದರೊಳಗಿನ ಮಾತು ಹೊಸದಾಯಿತು. ಎಂ.ಎ. ಎಂಬುದು ಇದ್ದುದನ್ನು ಕಲಿತೆನೆಂಬುದಕ್ಕೆ ಸಾಕ್ಷಿ. ಡಾಕ್ಟರೇಟು ಇಲ್ಲದುದನ್ನು ಸೇರಿಸಿದೆನೆಂಬುದಕ್ಕೆ. ಎಂ.ಎ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯನ್ನು ಬೇರೊಬ್ಬರು ಸಿದ್ಧಪಡಿಸುತ್ತಾರೆ. ಉತ್ತರವೂ ಅವರಿಗೆ ತಿಳಿದಿರುತ್ತದೆ. ಸಂಶೋಧಕನು ಪ್ರಶ್ನೆಯನ್ನು ತಾನೇ ಬರೆದುಕೊಳ್ಳಬೇಕು. ಅದಕ್ಕೆ ಉತ್ತರವನ್ನು ಬಲ್ಲವರು ಪ್ರಪಂಚದಲ್ಲಿ ಯಾರೂ ಇರಕೂಡದು. ಬಲ್ಲವರಿದ್ದರೆ ಅದು ಸಂಶೋಧನೆಗೆ ತಕ್ಕ ಪ್ರಶ್ನೆಯಲ್ಲ. ಆದುದರಿಂದ ಇವೆರಡೂ ಒಂದೇ ಏಣಿಯ ಮೆಟ್ಟಿಲುಗಳಲ್ಲ. ಒಂದು ಪಡೆಯುವ ಕೆಲಸ, ಇನ್ನೊಂದು ಕೊಡುವ ಕೆಲಸ. ಪಡೆಯಲು ಹೋದವನು ಪಡೆಯದೆ ಬಂದರೆ ನಷ್ಟ ಅವನದು. ಕೊಡುತ್ತೇನೆಂದು ಹೇಳಿ ಹೋದವನು ಕೊಡದೆ ಬಂದರೆ ನಷ್ಟ ಇನ್ನೊಬ್ಬರದೂ ಆಗುತ್ತದೆ.

ಮನುಷ್ಯನು ಮೂರು ಋಣಗಳೊಡನೆ ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆಯಷ್ಟು ಹಳೆಯ ಕಾಲದಿಂದ ನಮ್ಮವರು ಹೇಳುತ್ತ ಬಂದಿದ್ದಾರೆ. ದೇವಋಣ, ಪಿತೃಋಣಗಳ ಜತೆಗೆ ಋಷಿಋಣವೂ ಒಂದು. ಅದು ಬ್ರಹ್ಮಚರ್ಯದಿಂದ, ಎಂದರೆ ಗುರುವಿನ ಬಳಿಯಿದ್ದು ಕಲಿಯುವುದರಿಂದ, ತೀರುತ್ತದೆಂದು ಅಲ್ಲಿಯ ಅಭಿಪ್ರಾಯ. ಇದು ಸ್ವಲ್ಪ ಆಶ್ಚರ್ಯದ ಮಾತು. ಸಾಲಗಾರನು ಇನ್ನಷ್ಟು ಪಡೆಯುವುದರಿಂದ ಸಾಲ ತೀರುವುದೆಂತು? ಹಿಂದಿನವರು ಕಂಡುದು ಅಳಿಯದಂತೆ ಉಳಿಯಬೇಕಾದರೆ ಅದು ಇನ್ನೊಂದು ಜೀವದಲ್ಲಿ ನೆಲೆಗೊಳ್ಳಬೇಕು. ಕಲಿತವನು ತನ್ನ ಕಲಿಕೆಯಿಂದಲೆ ಅವರನ್ನು ಉಳಿಸಿಕೊಡುತ್ತಾನೆ. ಗ್ರಂಥಗಳು ಅಚ್ಚಾಗದೆ ಇದ್ದ ಕಾಲದಲ್ಲಿ ಇದು ಅಕ್ಷರಶಃ ಸತ್ಯವಾಗಿತ್ತು. ಆದರೆ ಅದೇ ಶಾಖೆಯ ಉಪನಿಷತ್ತು ವಿದ್ಯಾರ್ಥಿಗೆ ಕರ್ತವ್ಯವನ್ನು ವಿಧಿಸುವಾಗ ಸ್ವಾಧ್ಯಾಯವನ್ನೊಂದನ್ನೆ ಹೇಳದೆ ಪ್ರವಚನವನ್ನೂ ಅದಕ್ಕೆ ಜೋಡಿಸಿ ಹೇಳುತ್ತದೆ. ಕಲಿಯುವುದರ ಜತೆಗೆ ಕಲಿಸುವುದು. ಈಗಿನ ಕಾಲದಲ್ಲಿ ಸಂಶೋಧನೆಯನ್ನು ನಾನು ಈ ಪ್ರವಚನದ ಕಡೆಗೆ ಸೇರಿಸುತ್ತೇನೆ. ಮುಂದೆ ಬರುವವನು ಎಲ್ಲಿಂದ ಮೊದಲುಮಾಡಬೇಕೆಂಬುದನ್ನು ಸಂಶೋಧಕನು ಹೇಳಿಹೋಗುತ್ತಾನಷ್ಟೆ.

ಹಾಗೆ ಹೇಳಿಹೋದುದಕ್ಕೆ ನಮ್ಮ ನುಡಿಯಲ್ಲಿಯೆ ಒಂದು ಒಳ್ಳೆಯ ನಿದರ್ಶನವುಂಟು. ಅದನ್ನು ತುಸು ವಿಸ್ತಾರವಾಗಿ ಹೇಳಲು ಓದುಗರು ಅನುಮತಿಕೊಡಬೇಕು. ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಕಲ್ಬರಹಗಳನ್ನು ಊರೂರಿನಿಂದ ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳನ್ನು 1886ರಿಂದ ಹೊರಡಿಸತೊಡಗಿದರು. ಸಾವಿರಾರು ಶಾಸನಗಳು ಅಚ್ಚಿನಲ್ಲಿ ದೊರೆತುವು. ಅರಸರ ವಂಶಾವಳಿಯನ್ನು ಹುಡುಕುವವರು ಅವುಗಳ ಮೇಲೆ ಮುಗಿಬಿದ್ದರು. ಆದರೆ ಆ ಶಾಸನಗಳಲ್ಲಿ ಕಾಣುವ ಕನ್ನಡ ಎಂಥ ಕನ್ನಡ? ಅದರ ವಿಭಕ್ತಿಗಳೇನು, ಕ್ರಿಯಾಪದದ ರೂಪಗಳೇನು, ಯಾವ ಅಕ್ಷರ ಯಾವ ಕಾಲಕ್ಕೆ ಮಾರ್ಪಟ್ಟಿತು? ಎ. ಎನ್. ನರಸಿಂಹಯ್ಯನವರು ಈ ಪ್ರಶ್ನೆಯನ್ನು ಹಿಡಿದರು. ಹಿಡಿದು, ಅದನ್ನು ಕಿರಿದುಮಾಡಿದರು. ಆರು ಮತ್ತು ಏಳನೆಯ ಶತಮಾನಗಳ ಶಾಸನಗಳು ಸಾಕೆಂದರು. ಲಂಡನ್ ವಿಶ್ವವಿದ್ಯಾನಿಲಯದ ಡಾಕ್ಟರೇಟಿಗೆಂದು ಅವರು ಮಾಡಿದ ಆ ವ್ಯಾಕರಣ 1941ರಲ್ಲಿ ಮೈಸೂರಿನಲ್ಲಿ ಪ್ರಕಟವಾಯಿತು. ಅನಂತರ ಜಿ. ಎಸ್. ಗಾಯಿ ಅವರು, ನರಸಿಂಹಯ್ಯನವರು ನಿಲ್ಲಿಸಿದ ಕಡೆಯಲ್ಲಿ ಹಿಡಿದು, ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳಿಂದಲೆ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು ಬರೆದರು. ಪುಣೆಯ ಡೆಕ್ಕನ್ ಕಾಲೇಜು ಅದನ್ನು 1946ರಲ್ಲಿ ಹೊರಡಿಸಿತು. ಮುಂದೆ ಅವರು ಭಾರತ ಸರಕಾರದ ಮುಖ್ಯ ಶಾಸನತಜ್ಞರಾದರು. ಕೋಡಿ ಕುಶಾಲಪ್ಪ ಗೌಡರು ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ದೊರೆತ, ಕ್ರಿ.ಶ. 1000ದಿಂದ 1400ರವರೆಗಿನ ಶಾಸನಗಳ ವ್ಯಾಕರಣವನ್ನು ಸಿದ್ಧಪಡಿಸಿದರು. ಅದು 1972ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಬಂತು. ಒಬ್ಬರು ಮೈಸೂರಿನವರಿಗಾಗಿ, ಒಬ್ಬರು ಪುಣೆಯಲ್ಲಿ, ಒಬ್ಬರು ತಮಿಳುನಾಡಿನಿಂದ. ಆದರೂ ಮೂವರೂ ಒಂದೇ ಗದ್ದೆಯ ಬದುವನ್ನು ಮುಂದಕ್ಕೆ ಕಟ್ಟಿದಂತೆ ಕಾಣುತ್ತದೆ.

ಈ ಗ್ರಂಥಗಳನ್ನು ಮಲಗುವ ಮುನ್ನ ಓದಿ ಆನಂದಿಸಿದೆನೆಂದು ಯಾರೂ ಹೇಳಲಾರರು. ವಿಭಕ್ತಿಪ್ರತ್ಯಯಗಳ ಪಟ್ಟಿಗಳು, ರೂಪಗಳ ಎಣಿಕೆ, ಒಂದೊಂದಕ್ಕೂ ಶಾಸನದ ಸಂಖ್ಯೆ. ಆದರೆ ಅವುಗಳಲ್ಲಿ ಪ್ರತಿಯೊಂದೂ ಹಿಂದಿನದನ್ನು ನಂಬಿ ನಿಂತಿದೆ; ಮುಂದಿನದಕ್ಕೆ ನೆಲೆಯಾಗಿದೆ. ಡಾಕ್ಟರೇಟು ಕೊಡುತ್ತೇನೆಂದು ಹೇಳುವ ಮಾತು ಇದೇ: ನನ್ನ ಪಟ್ಟಿಯನ್ನು ನೀನು ಮತ್ತೆ ಎಣಿಸಬೇಕಾಗಿಲ್ಲ. ಎಣಿಸಬೇಕಾದರೆ, ಅಥವಾ ಯಾರೂ ಆ ಕಡೆ ನೋಡುವಂತೆಯೆ ಇಲ್ಲವಾದರೆ, ಆ ಮಾತು ಸುಳ್ಳಾಯಿತು.

ಇದರಿಂದ ಡಾಕ್ಟರೇಟು ದೊಡ್ಡದು, ಎರಡನೆಯ ಎಂ.ಎ. ಸಣ್ಣದು ಎಂದು ತೀರ್ಮಾನಿಸುವವರು ಸ್ವಲ್ಪ ತಡೆಯಬೇಕು. ಅದೇ ಶಾಸನಗಳ ಕಡೆಗೆ ಇನ್ನೊಂದು ಬಗೆಯಿಂದ ನೋಡಿದವರು ಎಂ. ಚಿದಾನಂದಮೂರ್ತಿಗಳು. ಶಾಸನಗಳ ವ್ಯಾಕರಣವನ್ನಲ್ಲ, ಅವುಗಳಲ್ಲಿ ಅಡಗಿದ ಜನಜೀವನವನ್ನು ಅವರು ಕೇಳಿದರು: ಅಗ್ರಹಾರ, ಮಠ, ದಾನ, ವೀರಗಲ್ಲು, ಮಾಸ್ತಿಕಲ್ಲು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಆ ಮಹಾಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಎಂಬ ಹೆಸರಿನಿಂದ 1966ರಲ್ಲಿ ಪುಸ್ತಕವಾಯಿತು. ಇಂದಿಗೂ ಶಾಸನದ ವಿದ್ಯಾರ್ಥಿಯ ಮೇಜಿನಿಂದ ಕೆಳಗಿಳಿದಿಲ್ಲ. ಅದಕ್ಕೆ ಮಾರ್ಗದರ್ಶಕರಾಗಿದ್ದವರು ತೀ. ನಂ. ಶ್ರೀಕಂಠಯ್ಯನವರು. ಅವರೋ, ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು, ಹೀಗೆ ಎರಡು ಎಂ.ಎ. ಮಾಡಿದವರು. ನಾಡು ಅವರನ್ನು ಬಲ್ಲುದು ಪ್ರೊಫೆಸರರೆಂದು, ಡಾಕ್ಟರರೆಂದಲ್ಲ. ಸಂಸ್ಕೃತ ಆಲಂಕಾರಿಕರ ವಿಚಾರವನ್ನೂ ಪಾಶ್ಚಾತ್ಯ ವಿಮರ್ಶೆಯನ್ನೂ ಎರಡು ಕೈಗಳಲ್ಲಿ ಹಿಡಿದು 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಬರೆಯುವುದಕ್ಕೆ ಯಾವ ಬಗೆಯ ಓದು ಬೇಕಾಗಿತ್ತೆಂಬುದನ್ನು ಆ ಗ್ರಂಥವನ್ನು ತೆರೆದವರೆಲ್ಲ ಬಲ್ಲರು. ಎರಡು ಮನೆಗಳಲ್ಲಿ ಸಲುಗೆಯಿಂದ ಓಡಾಡಿದವನಿಗೆ ಮಾತ್ರ ಈ ಮನೆಯವರ ಮಾತು ಆ ಮನೆಯವರಿಗೆ ಹೇಗೆ ಕೇಳಿಸುತ್ತದೆಂಬುದು ಗೊತ್ತಾಗುತ್ತದೆ.

ಇಷ್ಟೆಲ್ಲ ಯೋಚನೆ ಹುಟ್ಟಿದುದು ಈಚೆಗೆ ಸಲಹೆ ಕೇಳಲು ಬಂದ ಒಬ್ಬ ತರುಣಿಯಿಂದ. ಹೆಸರು ಬೇಡ. ತಂದೆ ನಿವೃತ್ತರಾದ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಆಕೆ ಕನ್ನಡ ಎಂ.ಎ.ಯಲ್ಲಿ ಚೆನ್ನಾಗಿ ತೇರ್ಗಡೆಯಾದವಳು. ಊರ ಹೊರಗೆ ಕೆರೆಯ ಏರಿಯ ಮೇಲಿರುವ ಮೂರು ವೀರಗಲ್ಲುಗಳನ್ನು ಬಾಲ್ಯದಿಂದ ನೋಡಿದ್ದಾಳೆ. ಅವುಗಳ ಮೇಲಿನ ಬರಹವನ್ನು ತಾನಾಗಿ ಓದಬೇಕೆಂಬುದು ಆಕೆಯ ಆಸೆ. ಆದರೆ ಕನ್ನಡ ಎಂ.ಎ.ಯಲ್ಲಿ ಹಳಗನ್ನಡ ಕಾವ್ಯವನ್ನು ಅಚ್ಚಿನ ಪುಸ್ತಕದಿಂದ ಓದಿದಳೇ ಹೊರತು ಕಲ್ಲಿನ ಮೇಲಿನ ಲಿಪಿಯನ್ನು ಓದಲು ಕಲಿಯಲಿಲ್ಲ, ಸಂಸ್ಕೃತ ಅಷ್ಟಕ್ಕಷ್ಟೆ. ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರದಲ್ಲಿ ಎಂ.ಎ. ಮಾಡಬಹುದೆಂದು ಆಕೆ ವಿಚಾರಿಸಿಕೊಂಡು ಬಂದಿದ್ದಳು. ಅಷ್ಟರಲ್ಲಿ ಒಬ್ಬ ಪ್ರಾಧ್ಯಾಪಕರ ಬಳಿ ಸಂಶೋಧನೆಗೆ ಸ್ಥಾನ ತೆರವಾಗಿದೆಯೆಂದು ತಿಳಿಯಿತು. ವಿಷಯವನ್ನು ಅವರೇ ಸೂಚಿಸುತ್ತಾರೆ: ಒಬ್ಬ ಕಾದಂಬರಿಕಾರರ ಕೃತಿಗಳು, ಒಂದು ಅಧ್ಯಯನ. ಆ ಕಾದಂಬರಿಗಳನ್ನು ಓದಿದ್ದೀಯಾ ಎಂದು ಕೇಳಿದೆ. ಎರಡನ್ನು ಓದಿದ್ದೇನೆ, ಎಂದಳು. ಅವುಗಳ ವಿಚಾರವಾಗಿ ತಿಳಿಯಬೇಕೆಂದು ನಿನಗೆ ಅನ್ನಿಸಿದ್ದು ಏನಾದರೂ ಉಂಟೆ ಎಂದು ಕೇಳಿದೆ. ಆಕೆ ಬಹಳ ಹೊತ್ತು ಯೋಚಿಸಿ, ಇಲ್ಲ, ಎಂದಳು. ಆ ನಿಜವಾದ ಉತ್ತರಕ್ಕಾಗಿ ನನಗೆ ಆಕೆಯಲ್ಲಿ ಗೌರವ ಹೆಚ್ಚಿತು. ತಂದೆಯ ಮನಸ್ಸೋ ಡಾಕ್ಟರೇಟಿನ ಕಡೆಗೆ. ಮಗಳ ಹೆಸರಿನ ಹಿಂದೆ ಆ ಎರಡಕ್ಷರವಿದ್ದರೆ ತಮ್ಮ ಮೂವತ್ತು ವರ್ಷದ ಸೀಮೆಸುಣ್ಣದ ಧೂಳು ಸಾರ್ಥಕವಾಯಿತೆಂದು ಅವರ ಭಾವನೆ. ಅದನ್ನು ದುರಾಸೆಯೆಂದು ಯಾರು ಹೇಳಿಯಾರು? ಆಕೆ ಕಡೆಗೆ ಯಾವುದನ್ನು ಆರಿಸಿಕೊಂಡಳೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಆಕೆಯ ಮನೆಯ ವಿಷಯ.

ಪ್ರಶ್ನೆಯಿಲ್ಲದೆ ಸಂಶೋಧನೆಗೆ ಹೆಸರು ಬರೆಯಿಸಿದರೆ ಯಾರ ಗಂಟು ಹೋಯಿತು ಎಂದು ಕೆಲವರು ಕೇಳುತ್ತಾರೆ. ಹೋಗುವುದುಂಟು. ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗವು 2022ರಲ್ಲಿ ಮಾಡಿದ ನಿಯಮಗಳಂತೆ ಒಬ್ಬ ಪ್ರಾಧ್ಯಾಪಕರ ಬಳಿ ಒಂದು ಕಾಲಕ್ಕೆ ಎಂಟು ಮಂದಿ, ಸಹಪ್ರಾಧ್ಯಾಪಕರ ಬಳಿ ಆರು ಮಂದಿ, ಸಹಾಯಕ ಪ್ರಾಧ್ಯಾಪಕರ ಬಳಿ ನಾಲ್ಕು ಮಂದಿ ಸಂಶೋಧಕರಿರಬಹುದು. ಒಬ್ಬರು ಕುಳಿತ ಸ್ಥಾನದಲ್ಲಿ ಇನ್ನೊಬ್ಬರು ಕೂಡುವಂತಿಲ್ಲ. ಕಾಲವೋ, ಕಡಮೆಯೆಂದರೆ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದೊಳಗೆ ಮುಗಿಯಬೇಕು. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಗೆದ್ದು ಕಿರಿಯ ಸಂಶೋಧಕರ ವೇತನಕ್ಕೆ ಅರ್ಹರಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗಳೆಂದು ಗೊತ್ತುಮಾಡಿದರು. ಅದು ಬೊಕ್ಕಸದ ಹಣ. ಬೀಡಿ ಕಟ್ಟುವವಳೂ ಬೆಂಕಿಪೆಟ್ಟಿಗೆ ಕೊಳ್ಳುವವನೂ ತೆತ್ತ ತೆರಿಗೆ ಅದರಲ್ಲಿ ಸೇರಿದೆ. ಅವರಾರೂ ಪ್ರಬಂಧವನ್ನು ಓದುವವರಲ್ಲ. ಓದದವರು ಕೊಟ್ಟ ಹಣವಾದುದರಿಂದಲೆ ಅದರ ಲೆಕ್ಕ ಹೆಚ್ಚು ಕಟ್ಟುನಿಟ್ಟಾಗಿರಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಕಡೆಗಣಿಸುವಂತಿಲ್ಲ. ಎರಡನೆಯ ಎಂ.ಎ.ಗೆ ಇಂಥ ವೇತನವಿಲ್ಲ. ಶುಲ್ಕವನ್ನೂ ಊಟವನ್ನೂ ಮನೆಯವರೇ ಭರಿಸಬೇಕು. ಹೀಗಿರುವಾಗ, ಬಡವರ ಮಗನೊಬ್ಬನು ಓದನ್ನು ಬಿಡಲಾರದೆ, ಮನೆಗೆ ಭಾರವಾಗಲಾರದೆ, ಪ್ರಶ್ನೆಯಿಲ್ಲದಿದ್ದರೂ ವೇತನಕ್ಕಾಗಿ ಸಂಶೋಧನೆಗೆ ಸೇರಿದರೆ ಅವನದು ತಪ್ಪೆ? ನನ್ನ ಮನಸ್ಸು ಅವನನ್ನು ತಪ್ಪಿತಸ್ಥನೆಂದು ಹೇಳಲು ಒಪ್ಪುವುದಿಲ್ಲ. ಎರಡನೆಯ ಎಂ.ಎ.ಯ ನೆಮ್ಮದಿ ಉಳ್ಳವರ ಮಕ್ಕಳಿಗೆ ಮಾತ್ರ ದಕ್ಕುವಂತಿರುವುದು ನಮ್ಮ ಏರ್ಪಾಡಿನ ದೋಷ. ಹಸಿದವನು ಅನ್ನವಿರುವ ಬಾಗಿಲಿಗೆ ಹೋಗುತ್ತಾನೆ. ಹೋದ ಮೇಲೆ ಅವನ ಕೈಗೆ ಪಡಿತರದಂತೆ ಒಂದು ವಿಷಯವನ್ನು ಅಳೆದುಕೊಟ್ಟು, ಅವನಲ್ಲಿ ಪ್ರಶ್ನೆ ಮೊಳೆಯಿತೋ ಇಲ್ಲವೋ ಎಂದು ಒಮ್ಮೆಯೂ ವಿಚಾರಿಸದೆ ರುಜು ಹಾಕುವ ಗುರುವಿನ ಹೊಣೆ ಅದಕ್ಕಿಂತ ದೊಡ್ಡದು.

ಇನ್ನೊಂದು ಆಕ್ಷೇಪವೂ ಉಂಟು. ಪ್ರಶ್ನೆಯೆಂಬುದು ಮೊದಲೇ ಸಿದ್ಧವಾಗಿ ಬರುವುದೆ? ಕೆಲಸಕ್ಕೆ ಕೈಹಚ್ಚಿದ ಮೇಲೆ ತಾನೆ ಬರುವುದು? ಇದರಲ್ಲಿ ಬಹಳ ನಿಜವಿದೆ. ನರಸಿಂಹಯ್ಯನವರು ಆರು-ಏಳನೆಯ ಶತಮಾನವೆಂಬ ಗಡಿಯನ್ನು ಹಡಗುಹತ್ತುವ ಮೊದಲೇ ಗೆರೆ ಎಳೆದುಕೊಂಡಿದ್ದರೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಪೂರ್ಣವಾಗಿ ರೂಪುಗೊಂಡಿರಬೇಕಾಗಿಲ್ಲ. ಆದರೆ ಒಂದು ತುರಿಕೆಯಾದರೂ ಇರಬೇಕು. ಏನೋ ಒಂದು ಹೊಂದುತ್ತಿಲ್ಲ, ಪುಸ್ತಕಗಳು ಹೇಳುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳವಿಲ್ಲ ಎಂಬ ಅಸಮಾಧಾನ. ನಮ್ಮ ತರುಣಿಗೆ ಕೆರೆಯೇರಿಯ ಕಲ್ಲುಗಳ ವಿಷಯದಲ್ಲಿ ಅದಿತ್ತು, ಕಾದಂಬರಿಗಳ ವಿಷಯದಲ್ಲಿ ಇರಲಿಲ್ಲ. ಇರುವ ಕಡೆಯಲ್ಲಿ ಆಕೆಗೆ ಉಪಕರಣವಿಲ್ಲ; ಉಪಕರಣ ಸಾಕಾಗುವ ಕಡೆಯಲ್ಲಿ ತುರಿಕೆಯಿಲ್ಲ. ಇಂಥ ಸಂದರ್ಭದಲ್ಲಿ ಎರಡನೆಯ ಎಂ.ಎ. ಕಾಲು ಬದಲಿಸುವುದಲ್ಲ, ಕಾಲಿಗೆ ಬಲ ಬರಿಸಿಕೊಳ್ಳುವುದು. ನಮ್ಮ ಹಳೆಯ ಪಾಠಶಾಲೆಗಳಲ್ಲಿ ತರ್ಕವನ್ನು ಮುಗಿಸಿದ ಮೇಲೆ ವ್ಯಾಕರಣಕ್ಕೋ ಮೀಮಾಂಸೆಗೋ ಬೇರೊಬ್ಬ ಗುರುವಿನ ಬಳಿಗೆ ಹೋದವನನ್ನು ಹಿಂದುಳಿದವನೆಂದು ಯಾರೂ ಹೇಳುತ್ತಿರಲಿಲ್ಲ. ಎರಡು ಶಾಸ್ತ್ರಗಳಲ್ಲಿ ಪಂಡಿತನೆಂದು ಸಭೆಯಲ್ಲಿ ಮುಂದಕ್ಕೆ ಕೂರಿಸುತ್ತಿದ್ದರು.

ಹಾಗೆಂದು ಎರಡನೆಯ ಎಂ.ಎ.ಗೆ ಹೊರಟವರೆಲ್ಲ ಜ್ಞಾನದಾಹಿಗಳೆಂದು ಹೊಗಳಲಾರೆ. ಅದು ಅನೇಕರಿಗೆ ಅಡಗುವ ತಾಣ. ಪರೀಕ್ಷೆಗಳಲ್ಲಿ ಸದಾ ಮುಂದಿದ್ದವನಿಗೆ ಪರೀಕ್ಷೆಯಿಲ್ಲದ ಬಯಲು ಭಯವನ್ನು ಹುಟ್ಟಿಸುತ್ತದೆ. ಪಠ್ಯವಿಷಯ ಇಷ್ಟೇ ಎಂದು ಗೆರೆ ಎಳೆದ ಕಡೆಯಲ್ಲಿ ಅವನು ಸಿಂಹ. ಗೆರೆಯಿಲ್ಲದ ಕಡೆಯಲ್ಲಿ ಅವನ ಕಾಲು ನಡುಗುತ್ತದೆ. ಆದುದರಿಂದ ಒಂದಾದಮೇಲೆ ಒಂದು ಪರೀಕ್ಷೆಯನ್ನು ಕಟ್ಟುತ್ತಾನೆ, ಪ್ರತಿಯೊಂದರಲ್ಲಿಯೂ ಗೆಲ್ಲುತ್ತಾನೆ, ಗೋಡೆಯ ಮೇಲೆ ಪ್ರಮಾಣಪತ್ರಗಳ ಸಾಲು ಬೆಳೆಯುತ್ತದೆ. ಹೇಳುವುದಕ್ಕೆ ಅವನಲ್ಲಿ ಏನೋ ಉಂಟು, ಸ್ನೇಹಿತರೊಡನೆ ಸಂಜೆ ನಡೆಯುವಾಗ ಅದನ್ನು ಸೊಗಸಾಗಿ ಹೇಳುತ್ತಾನೆ ಕೂಡ. ಬರೆ ಎಂದರೆ, ಇನ್ನೂ ಓದುವುದಿದೆ, ಎನ್ನುತ್ತಾನೆ. ಇದು ವಿನಯದಂತೆ ಕಾಣುವುದರಿಂದ ಇದನ್ನು ಗುರುತಿಸುವುದು ಕಷ್ಟ. ವಿನಯವು ತನಗೆ ತಿಳಿಯದುದನ್ನು ಒಪ್ಪಿಕೊಳ್ಳುತ್ತದೆ. ಇದಾದರೋ ತಿಳಿದುದನ್ನು ಒತ್ತೆಯಿಟ್ಟುಕೊಂಡು ಕೂಡುತ್ತದೆ. ಇಂಥವನು ಡಾಕ್ಟರೇಟಿಗೆ ಸೇರುವುದು, ಇಲ್ಲವೆ ಯಾವ ಪದವಿಯೂ ಇಲ್ಲದೆ ತನಗೆ ತಿಳಿದುದನ್ನು ಬರೆದುಹಾಕುವುದು, ಅವನ ಕರ್ತವ್ಯವೆಂದೇ ನಾನು ತಿಳಿದಿದ್ದೇನೆ.

ಯಾವ ಪದವಿಯೂ ಇಲ್ಲದೆ ಎಂದೆನಷ್ಟೆ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮುಗಿದು ಹೊರಬಂತು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರ್ ಎಂದು ಗೌರವಕೊಟ್ಟದ್ದು 1896ರಲ್ಲಿ. ಡಿ. ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತಿದವರಲ್ಲ. ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಡಿ.ಲಿಟ್. ಕೊಟ್ಟು ಗೌರವಿಸಿತು. ಆರ್. ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳನ್ನು 1907, 1919, 1929ರಲ್ಲಿ ಪ್ರಕಟಿಸಿದರು, ಇಪ್ಪತ್ತೆರಡು ವರ್ಷ! ಈಗಿನ ನಿಯಮದಂತೆ ಆಗಿದ್ದರೆ ಮೊದಲ ಸಂಪುಟದ ನಡುವೆಯೆ ಅವರ ನೋಂದಣಿ ರದ್ದಾಗುತ್ತಿತ್ತು. ಅವರ ಕಾಲ ಬೇರೆ, ಈಗಿನ ತರುಣರು ಅವರಂತೆ ಕಾಯಲಾರರು ಎಂಬುದನ್ನು ಬಲ್ಲೆ. ಮೇಲ್ಪಂಕ್ತಿಯಾಗಿ ಅಲ್ಲ, ಕ್ರಮವನ್ನು ನೆನಪಿಸುವುದಕ್ಕಾಗಿ ಮಾತ್ರ ಹೇಳಿದೆ. ಕೆಲಸ ಮುಂದೆ, ಬಿರುದು ಹಿಂದೆ ಬರುತ್ತಿತ್ತು.

ಮನೆಯವರ ಪಾತ್ರವನ್ನು ಹೇಳದೆ ಈ ವಿಚಾರ ಪೂರ್ಣವಾಗದು. ಹೆಣ್ಣುಮಕ್ಕಳಿಗೆ ಡಾಕ್ಟರೇಟು ಮುಗಿಸಲು ಎರಡು ವರ್ಷ ಹೆಚ್ಚಿನ ಅವಧಿಯನ್ನು ಆಯೋಗದ ನಿಯಮವು ಕೊಡುತ್ತದೆ. ಅಡಿಗೆಯ ಮನೆಯೂ ತೊಟ್ಟಿಲೂ ಆ ಎರಡು ವರ್ಷವನ್ನು ಮೊದಲೇ ಸಾಲವಾಗಿ ಪಡೆದಿರುತ್ತವೆ. ಎಷ್ಟೋ ಮನೆಗಳಲ್ಲಿ ಸೊಸೆಯ ಸಂಶೋಧನೆ ಅತಿಥಿಗಳಿಗೆ ಹೇಳಿಕೊಳ್ಳುವ ಭೂಷಣ. ಅವಳು ಗ್ರಂಥಭಂಡಾರಕ್ಕೆ ಹೊರಟ ದಿನ ಮಾತ್ರ ಅದು ದೂಷಣ. ಎರಡನೆಯ ಎಂ.ಎ.ಗೆ ಭೂಷಣದ ಬೆಲೆಯೂ ಇಲ್ಲ. ಪತ್ರದ ಮೇಲೆ 'ಎಂ.ಎ., ಎಂ.ಎ.' ಎಂದು ಬರೆದುಕೊಂಡವರನ್ನು ಕಂಡು ನಗುವವರುಂಟು. ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಡಾಕ್ಟರೇಟು ಕಡ್ಡಾಯವಲ್ಲವೆಂದು, ಅರ್ಹತಾಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕೆಂದು, 2023ರಲ್ಲಿ ಆಯೋಗವು ಸ್ಪಷ್ಟಪಡಿಸಿದ ಮೇಲೂ ಊರಿನ ಹಜಾರಗಳಿಗೆ ಆ ಸುದ್ದಿ ತಲುಪಿದಂತೆ ಕಾಣುವುದಿಲ್ಲ. ನಮ್ಮ ತರುಣಿಯ ತಂದೆಗೂ ತಲುಪಿರಲಿಲ್ಲ. ಹೇಳಿದಾಗ ಅವರು ಸುಮ್ಮನೆ ಕೇಳಿಕೊಂಡು, "ಆದರೂ ಡಾಕ್ಟರ್ ಎಂದರೆ ಡಾಕ್ಟರೇ" ಎಂದರು. ಆ ಮಾತಿಗೆ ನಿಯಮಾವಳಿಯಲ್ಲಿ ಉತ್ತರವಿಲ್ಲ.

ಆದರೆ ಅದೇ ನಿಯಮಾವಳಿಗಳನ್ನು ಮಾಡಿದವರು, ನಾನು ಮೇಲೆ ಹೇಳಿದ ಭೇದವನ್ನು ತಮಗೆ ತೋಚಿದ ರೀತಿಯಲ್ಲಿ ಒಪ್ಪಿಕೊಂಡಿದ್ದಾರೆಂದು ನನಗೆ ತೋರುತ್ತದೆ. ತರಗತಿಗಳ ವೇಳೆ ಒಂದರ ಮೇಲೊಂದು ಬೀಳದಿದ್ದರೆ ವಿದ್ಯಾರ್ಥಿಯೊಬ್ಬನು ಎರಡು ಪದವಿಗಳಿಗೆ ಏಕಕಾಲದಲ್ಲಿ ಓದಬಹುದೆಂದು 2022ರ ಏಪ್ರಿಲ್ ತಿಂಗಳಲ್ಲಿ ಆಯೋಗವು ಅನುಮತಿಯನ್ನು ಕೊಟ್ಟಿತು. ಬೆಳಗ್ಗೆ ಇತಿಹಾಸದ ಎಂ.ಎ., ಸಂಜೆ ಸಂಸ್ಕೃತದ ಎಂ.ಎ. ಆಗಬಹುದು, ಒಂದನ್ನು ತರಗತಿಯಲ್ಲಿ, ಇನ್ನೊಂದನ್ನು ದೂರಶಿಕ್ಷಣದಿಂದ ಪಡೆಯಬಹುದು. ಈ ಸೌಲಭ್ಯದಿಂದ ಒಂದನ್ನು ಮಾತ್ರ ಅವರು ಹೊರಗಿಟ್ಟರು, ಪಿಎಚ್.ಡಿ.ಯನ್ನು. ಆ ತರುಣಿ ಇದನ್ನು ನನಗಿಂತ ಮೊದಲೇ ಓದಿಕೊಂಡಿದ್ದಳು. ಎರಡೂ ಅರ್ಜಿಗಳನ್ನು ತುಂಬಿ ತಂದಿದ್ದವಳು, ಒಂದನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡು, ಇನ್ನೊಂದನ್ನು ನೋಡಿಕೊಡಿರೆಂದು ನನ್ನ ಮುಂದಿಟ್ಟಳು.